ಅಕ್ಕನ ಕ್ಲಚ್ಚು

ನನ್ನ ಕಾರಿನಲ್ಲಿ ಚಾಲಕನ ಪಕ್ಕದ ಸೀಟಿನ ಮುಂದೆ ಹಾಸಿದ ರಬ್ಬರ್ ಮ್ಯಾಟ್ ಒಂದೇ ಕಡೆ ಸವೆದು ತೆಳ್ಳಗಾಗಿದೆ. ಮೊನ್ನೆ ಮಣಿಪಾಲದಲ್ಲಿ ಕಾರು ತೊಳೆಯಲು ಕೊಟ್ಟಾಗ ಅಲ್ಲಿನವರು ಅದನ್ನು ಎತ್ತಿ ಹಿಡಿದು, "ಸಾರ್, ಈ ಬದಿಯಲ್ಲಿ ಪೆಡಲ್ ಎಂತದೂ ಇಲ್ಲ, ಮತ್ತೆ ಹೇಗೆ ಸವೆಯಿತು?" ಎಂದು ಕೇಳಿದರು. ಇಲಿ ಇರಬೇಕು ಎಂದೆ. ಇಲಿಯಲ್ಲ, ನನ್ನ ಅಕ್ಕ ಎಂದರೆ ವಿವರಿಸಲು ಅರ್ಧ ದಿನ ಬೇಕು, ನಿಂತಲ್ಲಿ ನಿಂತು ಅರ್ಧ ದಿನ ಮಾತಾಡುವ ಜಾಯಮಾನ ನನ್ನದಲ್ಲ. ನೀವು ಹೇಗೂ ಕುಳಿತಿದ್ದೀರಿ, ನಿಮಗೆ ಹೇಳುತ್ತೇನೆ. ನಡುನಡುವೆ ನಾನು ಎದ್ದು ಹೋಗಿ ಕಿಟಕಿಯಿಂದ ಮೋಡ ನೋಡಿ ಬಂದರೆ ಬೇಸರಿಸಬೇಡಿ.

ಅಕ್ಕ ಎಂದರೆ ಜಲಜಕ್ಕ. ಮನೆ ಪೆರ್ಡೂರಿನ ಹತ್ತಿರ. ನನಗಿಂತ ಎಂಟು ವರ್ಷ ದೊಡ್ಡವಳು. ಕಾರಿನಲ್ಲಿ ನನ್ನ ಪಕ್ಕ ಕುಳಿತಳೆಂದರೆ ಅವಳ ಎಡಗಾಲು ತನ್ನಷ್ಟಕ್ಕೆ ಕೆಲಸ ಶುರು ಮಾಡುತ್ತದೆ. ಹಿರಿಯಡಕದ ತಿರುವಿನಲ್ಲಿ ನಾನು ಗೇರು ಬದಲಿಸುವ ಮೊದಲೇ ಆ ಕಾಲು ಮ್ಯಾಟನ್ನು ಒತ್ತಿ ಹಿಡಿದಿರುತ್ತದೆ. ನಾನು ಸ್ವಲ್ಪ ತಡ ಮಾಡಿದೆನೋ, "ಎಂತ ಮಾರಾಯ, ಇಂಜಿನ್ ಕೂಗುದು ನಿನಗೆ ಕೇಳುದಿಲ್ವಾ?" ಎಂಬ ಮಾತು ಬರುತ್ತದೆ. ಅಕ್ಕ ಬಯ್ಯುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಖಾರ ಹೋಗಿಬಿಡುತ್ತದೆ, ನಿಮ್ಮ ಪುಣ್ಯ.

ಆ ಕಾಲು ತನ್ನ ಪ್ರಾಯವೆಲ್ಲ ಒತ್ತಿದ್ದು ಒಂದು ಹಳೆಯ ಟ್ರ್ಯಾಕ್ಟರಿನ ಕ್ಲಚ್ಚನ್ನು. ಒತ್ತಿ ಒತ್ತಿ ಮೊಣಗಂಟು ಸವೆದು, ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಅದನ್ನು ತೆಗೆದು ಹೊಸದು ಹಾಕಿಸಬೇಕಾಯಿತು. ಆಪರೇಷನ್ ಆದ ಮೇಲೆ ಅವಳನ್ನು ಮಣಿಪಾಲದ ನಮ್ಮ ಫ್ಲ್ಯಾಟಿನಲ್ಲಿಯೇ ಇಟ್ಟುಕೊಂಡೆವು. ಬಂದ ದಿನವೇ ನನ್ನ ಹೆಂಡತಿ ಸುಮತಿ ತಲೆಗೆ ಕೈಯಿಟ್ಟುಕೊಂಡಳು. ಒಬ್ಬಳಿಗೆ ಕುಳಿತುಕೊಳ್ಳಲು ಹೇಳಿದ್ದಾರೆ, ಅವಳಿಗೆ ಕುಳಿತು ಗೊತ್ತಿಲ್ಲ. ಇನ್ನೊಬ್ಬನಿಗೆ ಯಾರೂ ಏನೂ ಹೇಳಿಲ್ಲ, ಅವನು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಓಡಾಡುತ್ತಿದ್ದಾನೆ.

ನನ್ನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರನಾಗಿ ನಿವೃತ್ತನಾದವನು. ತಲೆಮಾರುಗಟ್ಟಲೆ ಮಕ್ಕಳನ್ನು 'ಸಾವಧಾನ್' ಎಂದು ಕಂಬದ ಹಾಗೆ ನಿಲ್ಲಿಸಿದೆ, ನಾನೊಬ್ಬ ಮಾತ್ರ ನಿಲ್ಲಲಿಲ್ಲ. ಧ್ವಜವಂದನೆಯ ದಿನ ನನ್ನ ಕಾಲು ಅಲ್ಲಾಡುವುದು ಅತಿಥಿಗಳಿಗೆ ಕಾಣಬಾರದೆಂದು ಹೆಡ್ಮಾಸ್ಟರು ನನ್ನನ್ನು ಬ್ಯಾಂಡಿನವರ ಹಿಂದೆ ನಿಲ್ಲಿಸುತ್ತಿದ್ದರು. "ನಿನ್ನ ಕುಂಡೆಯಲ್ಲಿ ಚಕ್ರ ಉಂಟು" ಎಂದು ಅಕ್ಕ ನನಗೆ ಚಿಕ್ಕಂದಿನಲ್ಲಿಯೇ ಸರ್ಟಿಫಿಕೇಟ್ ಕೊಟ್ಟಿದ್ದಳು. ಚಕ್ರ ಇದ್ದವನಿಗೆ ಚಕ್ರದ ಮೇಲೆ ಕೂರುವ ಆಸೆ ಇರಬಾರದೇ? ನನಗೆ ಹುಡುಗನಾಗಿದ್ದಾಗಿನಿಂದ ಒಂದೇ ಆಸೆ, ಅಕ್ಕನ ಟ್ರ್ಯಾಕ್ಟರಿನ ಸೀಟು. ಅದನ್ನೊಂದು ಬಿಟ್ಟು ಅವಳು ನನಗೆ ಎಲ್ಲವನ್ನೂ ಕೊಟ್ಟಿದ್ದಾಳೆ.

ಟ್ರ್ಯಾಕ್ಟರ್ ಬಂದದ್ದು ನಾನು ಹೈಸ್ಕೂಲಿನಲ್ಲಿದ್ದಾಗ. ಬಾವ ಮುಂಬಯಿಯ ಹೋಟೆಲಿನಲ್ಲಿದ್ದವರು. ನಮ್ಮಲ್ಲಿ ಗದ್ದೆ ಹೆಣ್ಣುಮಕ್ಕಳ ಕಡೆಗೇ ಉಳಿಯುವುದು ವಾಡಿಕೆಯಾದ್ದರಿಂದ ರಜೆಯಲ್ಲಿ ಅವರು ಇಳಿಯುವುದು ನಮ್ಮ ಮನೆಯಲ್ಲಿಯೇ. ಒಂದು ಸಲ ಬರುವಾಗ ಘಟ್ಟದ ಮೇಲಿನವರು ಯಾರೋ ಬಳಸಿ ಬಿಟ್ಟ ಟ್ರ್ಯಾಕ್ಟರನ್ನು ಕೊಂಡು ಲಾರಿಯಲ್ಲಿ ಹಾಕಿಸಿ ತಂದರು. ಅಂಗಳದಲ್ಲಿ ಇಳಿಸಿ, ಪ್ಯಾಂಟು ಮಡಚಿ, ಹತ್ತಿ ಕುಳಿತು ಸ್ಟಾರ್ಟ್ ಮಾಡಿದರು. ಆಯಿತು. ನಿಲ್ಲಿಸುವುದು ಹೇಗೆಂದು ಮಾರಿದವರು ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಬೀಗದ ಕೈ ತಿರುಗಿಸಿದರು, ಎಳೆದು ತೆಗೆದರು, ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೆಳಗೆ ಹಾರಿದರು. ಟ್ರ್ಯಾಕ್ಟರ್ ನಿಂತಲ್ಲಿಯೇ ಗುಡುಗುಡು ಎನ್ನುತ್ತಿತ್ತು. ಹಳೆಯ ಡೀಸೆಲ್ ಇಂಜಿನು ಬೀಗದ ಕೈಯ ಮಾತು ಕೇಳುವುದಿಲ್ಲ, ಡೀಸೆಲ್ ಬರುವುದನ್ನೇ ತಡೆಯಬೇಕು, ಅದಕ್ಕೊಂದು ಎಳೆಯುವ ಗುಬುಟು ಬೇರೆಯೇ ಇರುತ್ತದೆ. ಬಾವ ಬೀಗದ ಕೈ ಹಿಡಿದು ಅದರ ಸುತ್ತ ಓಡುತ್ತಿದ್ದಾಗ ಅಕ್ಕ ಸೆರಗು ಸಿಕ್ಕಿಸಿ ಹತ್ತಿ, ಕಂಡ ಗುಬುಟುಗಳನ್ನೆಲ್ಲ ಒಂದೊಂದಾಗಿ ಎಳೆದಳು. ನಿಂತಿತು. ಆ ದಿನ ಹಿಡಿದ ಸೀಟನ್ನು ಅವಳು ಮತ್ತೆ ಬಿಡಲಿಲ್ಲ, ಬಾವ ಮತ್ತೆ ಕೇಳಲಿಲ್ಲ.

ಆದರೆ ನಮ್ಮ ಬೈಲಿನಲ್ಲಿ ಒಂದು ಕಟ್ಟುಪಾಡಿತ್ತು. ಹೆಂಗಸರು ಭತ್ತದ ಸಸಿಯಾದ ನೇಜಿಯನ್ನು ಕೀಳಬಹುದು, ನೆಡಬಹುದು, ಕೊಯ್ಯಬಹುದು, ಹೊರೆ ಹೊರಬಹುದು. ನೇಗಿಲು ಮಾತ್ರ ಮುಟ್ಟಬಾರದು. ಮುಟ್ಟಿದರೆ ಮಳೆ ಬೆನ್ನು ತಿರುಗಿಸುತ್ತದೆಯಂತೆ. ಅಕ್ಕ ಗದ್ದೆಗಿಳಿಯುತ್ತಾಳೆಂಬ ಸುದ್ದಿ ಹಬ್ಬಿ ಹಿರಿಯರೆಲ್ಲ ಹುಣಿಯ ಮೇಲೆ, ಎಂದರೆ ಗದ್ದೆಯ ಬದುವಿನ ಮೇಲೆ, ಸೇರಿದರು. ನಮ್ಮ ದೊಡ್ಡ ಮಾವ ವಾದದಲ್ಲಿ ಯಾರಿಗೂ ಸೋಲುವವರಲ್ಲ. ಟ್ರ್ಯಾಕ್ಟರಿಗೆ ಒಂದು ಸುತ್ತು ಬಂದು, ಬಾಯಲ್ಲಿದ್ದ ವೀಳ್ಯವನ್ನು ಒಂದು ಬದಿಗೆ ಸರಿಸಿ, "ಅವಳು ಹಿಡಿದದ್ದು ಚಕ್ರ. ನೇಗಿಲು ಹಿಂದೆ ಉಂಟು, ಅದನ್ನು ಅವಳು ಮುಟ್ಟಿಯೇ ಇಲ್ಲ. ಚಕ್ರ ಹಿಡಿಯಬಾರದು ಅಂತ ಎಲ್ಲಿ ಉಂಟು, ಹೇಳಿ ನೋಡುವಾ?" ಎಂದರು. ಹಿರಿಯರು ಒಬ್ಬೊಬ್ಬರಾಗಿ ಹುಣಿಯಿಂದ ಇಳಿದು ಹೋದರು. ಆ ವರ್ಷ ಮಳೆಯೂ ಸರಿಯಾಗಿಯೇ ಬಂತು. ಹಾಗೆ ನಮ್ಮ ಬೈಲಿನಲ್ಲಿ ಉತ್ತ ಮೊದಲ ಹೆಂಗಸು ಜಲಜಕ್ಕ.

ಈಗಿನ ಟ್ರ್ಯಾಕ್ಟರುಗಳನ್ನು ನೋಡಿದವರಿಗೆ ಅದು ತಮಾಷೆಯಾಗಿ ಕಂಡೀತು. ಮೂರು ಸಿಲಿಂಡರು, ಮೂವತ್ತೈದು ಹಾರ್ಸ್ ಪವರ್. ಮುಂದಕ್ಕೆ ಎಂಟು ಗೇರು, ಹಿಂದಕ್ಕೆ ಎರಡು. ಸ್ಟೇರಿಂಗಿಗೆ ಪವರ್ ಇಲ್ಲ, ಪವರೆಲ್ಲ ನಮ್ಮ ತೋಳಿನದು. ವೇಗ ಹೆಚ್ಚು ಕಡಿಮೆ ಮಾಡಲು ಸ್ಟೇರಿಂಗಿನ ಕೆಳಗೆ ಒಂದು ಕೈ ಕಡ್ಡಿ, ಇಟ್ಟಲ್ಲಿ ಇರುತ್ತದೆ. ಬ್ರೇಕು ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು, ಎರಡೂ ಬಲಗಾಲಿನ ಬಳಿ. ರಸ್ತೆಯಲ್ಲಿ ಅವನ್ನು ಕೊಂಡಿ ಹಾಕಿ ಜೋಡಿಸಬೇಕು, ಗದ್ದೆಯಲ್ಲಿ ಬಿಡಿಸಬೇಕು. ಒಂದೇ ಬದಿಯ ಬ್ರೇಕ್ ಒತ್ತಿದರೆ ಆ ಚಕ್ರ ನಿಂತು ಟ್ರ್ಯಾಕ್ಟರ್ ಗದ್ದೆಯ ಮೂಲೆಯಲ್ಲಿ ಗರಕ್ಕನೆ ತಿರುಗಿಬಿಡುತ್ತದೆ. ಸೀಟು ತಗಡಿನದು, ಅಡಿಯಲ್ಲಿ ದಪ್ಪ ಸ್ಪ್ರಿಂಗು. ಮಧ್ಯಾಹ್ನ ಊಟಕ್ಕೆ ಇಳಿದಾಗ ಅದು ಬಿಸಿಲಿಗೆ ಕಾಯಬಾರದೆಂದು ಅಕ್ಕ ಅದರ ಮೇಲೆ ತನ್ನ ಮುಟ್ಟಾಳೆ ಕವುಚಿ ಹೋಗುತ್ತಿದ್ದಳು. ಮುಟ್ಟಾಳೆಯೆಂದರೆ ನಮ್ಮಲ್ಲಿ ಗದ್ದೆಗೆ ಹೋಗುವವರು ಹಾಕುವ ಅಡಿಕೆ ಹಾಳೆಯ ಟೊಪ್ಪಿ. ಆ ಟೊಪ್ಪಿ ಕಂಡರೆ ನಾನು ಸೀಟಿನ ಹತ್ತಿರ ಸುಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಕ್ಲಚ್ಚು. ಅದರಲ್ಲಿ ಎರಡು ಮೆಟ್ಟಿಲು. ಅರ್ಧ ಒತ್ತಿದರೆ ಟ್ರ್ಯಾಕ್ಟರಿನ ಚಕ್ರ ಮಾತ್ರ ನಿಲ್ಲುತ್ತದೆ, ಹಿಂದೆ ಕಟ್ಟಿದ ರೋಟವೇಟರಿನ ಅಲಗುಗಳು ಕೆಸರು ಕಡೆಯುತ್ತಲೇ ಇರುತ್ತವೆ. ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತವೆ. ಗಟ್ಟಿ ನೆಲ ಬಂದಲ್ಲಿ ಚಕ್ರವನ್ನು ನಿಲ್ಲಿಸಿ ಅಲಗನ್ನು ತಿರುಗಲು ಬಿಟ್ಟು ಹದ ಮಾಡಬೇಕು. ಆ ಅರ್ಧ ಎಲ್ಲಿದೆಯೆಂದು ಪೆಡಲಿನ ಮೇಲೆ ಬರೆದಿರುವುದಿಲ್ಲ, ಪಾದಕ್ಕೆ ತಿಳಿಯಬೇಕು. ಕಾಲೇಜು ಹುಡುಗನಾಗಿದ್ದಾಗ ಕಾಡಿ ಬೇಡಿ ಒಂದು ಸಲ ಹತ್ತಿದ್ದೆ. ನನ್ನ ಪಾದಕ್ಕೆ ತಿಳಿದದ್ದು ಸೊನ್ನೆ ಮತ್ತು ಪೂರ್ತಿ. "ನಿನಗೆ ಅರ್ಧ ಅಂತ ಒಂದು ಉಂಟು ಅಂತಲೇ ಗೊತ್ತಿಲ್ಲ, ಇಳಿ" ಎಂದು ಇಳಿಸಿದಳು. ಸುಮತಿಗೆ ಈ ಮಾತು ಬಹಳ ಇಷ್ಟ, ನಾನು ಊಟಕ್ಕೆ ಕುಳಿತಾಗಲೂ ಹೇಳುತ್ತಾಳೆ.

ಮತ್ತೆ ಮೊಣಗಂಟಿಗೆ ಬರೋಣ. ಮೇ ತಿಂಗಳಲ್ಲಿ ಅಕ್ಕನನ್ನು ಡಾಕ್ಟರರಿಗೆ ತೋರಿಸಿದೆವು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಕುರ್ಚಿಯಲ್ಲಿ ಎಷ್ಟು ಹೊತ್ತಾದರೂ ಕುಳಿತುಕೊಳ್ಳಬಹುದು, ಆದರೆ ಎಡಗಾಲಿನಲ್ಲಿ ಭಾರದ ಪೆಡಲು ಒತ್ತುವುದು ಇನ್ನು ಸಾಧ್ಯವಿಲ್ಲ ಎಂದರು. "ಕ್ಲಚ್ ಒತ್ತದೆ ಟ್ರ್ಯಾಕ್ಟರ್ ಬಿಟ್ಟರೆ ಆಗ್ತದಾ?" ಎಂದು ಅಕ್ಕ ಕೇಳಿದಳು. ಅವರು ನಕ್ಕು, "ಹಾಗೆ ಬಿಡ್ಲಿಕ್ಕೆ ಆಗುದಾದ್ರೆ ಬಿಡಿ ಅಮ್ಮ" ಎಂದರು. ಅವರು ತಮಾಷೆ ಮಾಡಿದ್ದು. ಅಕ್ಕ ಅದನ್ನು ಅನುಮತಿ ಎಂದು ಸೆರಗಿನಲ್ಲಿ ಕಟ್ಟಿಕೊಂಡು ಪೆರ್ಡೂರಿಗೆ ಹೊರಟಳು. ಅವಳನ್ನು ಬಿಡಲು ಹೋದ ನಾನು ಅಲ್ಲಿಯೇ ಉಳಿದೆ.

ಮಳೆ ಹತ್ತಿರ ಬಂದಿತ್ತು. ಬಾವ ನೇಜಿ ಹಾಕಿಸಿದ್ದರು. ನೇಜಿ ಒಂದು ಗೇಣು ಬಂದ ಮೇಲೆ ಕಾಯುವುದಿಲ್ಲ, ಬಲಿತರೆ ನೆಟ್ಟೂ ಪ್ರಯೋಜನವಿಲ್ಲ. ನಮ್ಮ ಬೈಲಿಗೆ ಬಾಡಿಗೆಯ ಯಂತ್ರದವರು ಬರಲು ಒಪ್ಪುವುದಿಲ್ಲ. ಗದ್ದೆಯ ನಡುವೆ ಒಂದು ಕಡೆ ನೆಲ ಹೂತುಹೋಗುತ್ತದೆ, ಆ ಜಾಗ ಅಕ್ಕನಿಗೆ ಮಾತ್ರ ಗೊತ್ತು. ಅವಳು ಉಳದಿದ್ದರೆ ಈ ಸಲ ಗದ್ದೆ ಬೇಸಾಯವಿಲ್ಲದೆ ಹಡಿಲು ಬೀಳುವುದು ಖಂಡಿತ. ಒಮ್ಮೆ ಹಡಿಲು ಬಿದ್ದ ಗದ್ದೆಯಲ್ಲಿ ಹುಲ್ಲು ಹೇಗೆ ಬರುತ್ತದೆಂದು ಪಕ್ಕದ ಗದ್ದೆಗಳನ್ನು ನೋಡಿದರೆ ಸಾಕು.

ಹಾಗಾಗಿ ಆ ಸೀಟು ನನಗೆ ಸಿಕ್ಕಿತು. ಕೊಟ್ಟದ್ದು ಅಕ್ಕನಲ್ಲ, ಅವಳ ಮೊಣಗಂಟು. ಮೊದಲ ಮಳೆಗೆ ಗದ್ದೆಯಲ್ಲಿ ನೀರು ನಿಂತ ಬೆಳಗ್ಗೆ ನಾನು ಹತ್ತಿ ಕುಳಿತೆ. ಅಕ್ಕ ಹುಣಿಯ ಮೇಲೆ ಕುರ್ಚಿ ಹಾಕಿ ಕೊಡೆ ಹಿಡಿದು ಕುಳಿತಳು. ನೇರ ಹೋಗುವಲ್ಲಿ ನಾನು ಚೆನ್ನಾಗಿಯೇ ಹೋದೆ, ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ. ಮೂಲೆಯಲ್ಲಿ ತಿರುಗಿಸಲು ಬ್ರೇಕ್ ಒತ್ತಿದೆ. ಕೊಂಡಿ ಬಿಡಿಸಿರಲಿಲ್ಲ. ಎರಡೂ ಚಕ್ರ ಹಿಡಿದು ಟ್ರ್ಯಾಕ್ಟರ್ ಜಾರಿತು. ಗಾಬರಿಯಲ್ಲಿ ಬ್ರೇಕ್ ಬಿಟ್ಟು ಕ್ಲಚ್ಚನ್ನೂ ಬಿಟ್ಟೆ. ಟ್ರ್ಯಾಕ್ಟರ್ ಹುಣಿಯನ್ನು ಒಡೆದುಕೊಂಡು ಆಚೆಯವರ ಗದ್ದೆಗೆ ಇಳಿಯಿತು. ನಮ್ಮ ಗದ್ದೆಯ ನೀರೆಲ್ಲ ನನ್ನ ಹಿಂದೆಯೇ ಬಂತು.

ಅಕ್ಕ ಬಯ್ಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಸಂಜೆ ಚಾವಡಿಯಲ್ಲಿ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಮಳೆ ನೋಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟಳು. "ನೋವು ಎಷ್ಟಿದ್ರೂ ತಡ್ಕೊಳ್ತೇನೆ ಮಾರಾಯ. ನನ್ನ ಗದ್ದೆಯನ್ನು ದಡದಲ್ಲಿ ಕೂತು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಇದಕ್ಕಾ ನನಗೆ ಹೊಸ ಕಾಲು ಹಾಕ್ಸಿದ್ದು?" ಬಾವ ಒಳಗಿನಿಂದ ಚಹಾ ತಂದು ಇಟ್ಟು, ಮತ್ತೆ ಒಳಗೆ ಹೋದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಅಂಗಳಕ್ಕಿಳಿದು, ಮಳೆಯಲ್ಲಿ ಟ್ರ್ಯಾಕ್ಟರಿನ ಸುತ್ತ ಸುತ್ತಿದೆ. ಕಾಲಿನಿಂದ ಆಗದಿದ್ದರೆ ಕೈಯಿಂದ ಯಾಕಾಗಬಾರದು ಎಂಬ ಯೋಚನೆ ಬಂದದ್ದು ಆಗ.

ಮರುದಿನ ಕಾಪುವಿಗೆ ಓಡಿದೆ. ಅಲ್ಲಿ ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಹರೀಶನ ವರ್ಕ್‌ಶಾಪ್. ನನ್ನ ಹಳೆಯ ಶಿಷ್ಯ, ರಿಲೇ ಓಟದಲ್ಲಿ ಕೋಲು ಬೀಳಿಸುವುದರಲ್ಲಿ ಪ್ರಸಿದ್ಧ. ಈಗ ದೋಣಿಗಳ ಇಂಜಿನು ರಿಪೇರಿ ಮಾಡುತ್ತಾನೆ. ಮಳೆಗಾಲದಲ್ಲಿ ದೋಣಿಗಳು ದಡ ಹತ್ತಿರುವುದರಿಂದ ಅವನಿಗೂ ಕೈ ಖಾಲಿ. "ಡೀಸೆಲ್ ಇಂಜಿನ್ ಎಲ್ಲಿದ್ರೂ ಒಂದೇ ಸಾರ್, ನೀರಲ್ಲಾದ್ರೆಂತ, ಕೆಸರಲ್ಲಾದ್ರೆಂತ" ಎಂದು ವೆಲ್ಡಿಂಗ್ ಸಾಮಾನು ಪಿಕಪ್ಪಿಗೆ ಹಾಕಿ ಹೊರಟೇಬಿಟ್ಟ. ಪೆರ್ಡೂರಿನ ಅಂಗಳದಲ್ಲಿ ಪೈಪು ಕತ್ತರಿಸಿ, ಸರಳು ಬಗ್ಗಿಸಿ, ಕ್ಲಚ್ಚಿನ ಪೆಡಲಿಗೆ ಜೋಡಿಸಿ, ಸೀಟಿನ ಎಡಕ್ಕೆ ಎದೆಯೆತ್ತರದ ಒಂದು ಕೈಹಿಡಿ ಎಬ್ಬಿಸಿದ. ಉದ್ದದ ಪೈಪಾದ್ದರಿಂದ ಕ್ಲಚ್ಚು ಹಗುರವಾಗಿ ಕೈಗೆ ಬರುತ್ತಿತ್ತು. ಅಕ್ಕ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಅವಳ ಮುಖ ನೋಡಿ ನನಗೆ ಸಂತೋಷವಾಯಿತು, ಹೊಟ್ಟೆಯೊಳಗೆ ಒಂದಿಷ್ಟು ಉರಿಯಿತು ಕೂಡ. ಸೀಟು ಮತ್ತೆ ಹೋಯಿತಲ್ಲ.

ಅಂಗಳದಲ್ಲಿಯೇ ಪರೀಕ್ಷೆ ಇಟ್ಟೆವು. ಅಕ್ಕ ಸ್ಟಾರ್ಟ್ ಮಾಡಿ, ಮೊದಲನೇ ಗೇರು ಹಾಕಿ, ಮೆಲ್ಲ ಹೊರಟಳು. ಎದುರಿಗೆ ಬಾವನ ಬಸಳೆ ಚಪ್ಪರ. ಮುಂಬಯಿ ಬಿಟ್ಟು ಬಂದ ಮೇಲೆ ಬಾವನಿಗೆ ಇರುವ ಸಾಮ್ರಾಜ್ಯ ಅದೊಂದೇ. ಚಪ್ಪರ ಹತ್ತಿರ ಬಂದಾಗ ಅಕ್ಕ ನಿಲ್ಲಿಸಲೆಂದು ಕೈಹಿಡಿಯನ್ನು ಬಲವಾಗಿ ಮುಂದಕ್ಕೆ ದೂಡಿದಳು. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಇನ್ನಷ್ಟು ದೂಡಿದಳು. ಹರೀಶ ಹಿಂದಿನಿಂದ "ಎಳೀರಿ ಅಕ್ಕ, ಎಳೀರಿ!" ಎಂದು ಕೂಗುತ್ತಿದ್ದ. ಬಸಳೆ ಚಪ್ಪರ ಟ್ರ್ಯಾಕ್ಟರಿನ ಮೂತಿಯ ಮೇಲೆ ಕುಳಿತು ದನದ ಕೊಟ್ಟಿಗೆಯವರೆಗೆ ಹೋಯಿತು. ಅಲ್ಲಿ ಅಕ್ಕ ಗುಬುಟು ಎಳೆದು ಇಂಜಿನ್ ನಿಲ್ಲಿಸಿದಳು.

"ಮುಂದೆ ದೂಡಿದ್ರೆ ಮುಂದೆ ಹೋಗ್ಬೇಕಲ್ವಾ ಸಾರ್?" ಎಂದ ಹರೀಶ. ಅವನ ಮಟ್ಟಿಗೆ ಅದು ಸರಿಯೇ. ದೋಣಿಯ ಗೇರಿನ ಕೈಹಿಡಿಯನ್ನು ಮುಂದೆ ದೂಡಿದರೆ ದೋಣಿ ಮುಂದೆ ಹೋಗುತ್ತದೆ, ಎಳೆದರೆ ನಿಲ್ಲುತ್ತದೆ, ಇನ್ನೂ ಎಳೆದರೆ ಹಿಂದೆ ಬರುತ್ತದೆ. ಅವನು ಅದೇ ಲೆಕ್ಕದಲ್ಲಿ ಕಟ್ಟಿದ್ದ. ಅಕ್ಕನ ಲೆಕ್ಕ ಬೇರೆ. ಅವಳು ಆಯುಷ್ಯವೆಲ್ಲ ಕಾಲನ್ನು ಮುಂದಕ್ಕೆ ಒತ್ತಿಯೇ ನಿಲ್ಲಿಸಿದವಳು, ಕೈಯೂ ಹಾಗೆಯೇ ಮಾಡಿತು. ನಾನೂ ನೋಡುತ್ತ ನಿಂತಿದ್ದೆ, ನನಗೂ ಹೊಳೆದಿರಲಿಲ್ಲ. "ನಾನೆಂತ ಮೀನು ಹಿಡೀಲಿಕ್ಕೆ ಹೊರಟದ್ದಾ ಹರೀಶ?" ಎಂದು ಅಕ್ಕ ಕೇಳಿದಳು. ಬಾವ ಮಾತ್ರ ಮುರಿದ ಬಸಳೆ ದಂಟುಗಳನ್ನು ಆಯುತ್ತ, "ರಾತ್ರಿಗೆ ಬಸಳೆ ಗಸಿ, ಎಲ್ಲರೂ ಉಣ್ಲೇಬೇಕು" ಎಂದು ಸೇಡು ತೀರಿಸಿಕೊಂಡರು. ಅಕ್ಕ ನಕ್ಕದ್ದು ಸಂಕ್ರಾಂತಿಯ ನಂತರ ಅದೇ ಮೊದಲು.

ಹರೀಶ ಎಲ್ಲವನ್ನೂ ಬಿಚ್ಚಿ ತಿರುಗಿಸಿ ಕಟ್ಟಿದ. ಅರ್ಧ ಎಲ್ಲಿ ಬರುತ್ತದೆಂಬುದಕ್ಕೆ ಅಕ್ಕ ಕಣ್ಣು ಮುಚ್ಚಿ ಕೈಹಿಡಿಯನ್ನು ಹತ್ತಾರು ಸಲ ದೂಡಿ ನೋಡಿ, "ಇಲ್ಲಿ" ಎಂದಳು. ಅಲ್ಲಿ ಒಂದು ಕಚ್ಚು ಕೊಯ್ದು ಕೊಟ್ಟ.

ಒಡೆದ ಹುಣಿಯನ್ನು ಮತ್ತೆ ಕಟ್ಟಿ ಗದ್ದೆಗಿಳಿದ ದಿನ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ನೇಜಿ ಗೇಣು ದಾಟಿ ಬಾಗಲು ಶುರುವಾಗಿತ್ತು. ನಾನು, ಬಾವ, ಹರೀಶ ಹುಣಿಯ ಮೇಲೆ. ನಾನು ನಿಂತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಹುಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಅಕ್ಕ ನೇರ ಹೋದಳು, ಹೂತುಹೋಗುವ ಜಾಗವನ್ನು ಬಳಸಿ ಹೋದಳು, ಗಟ್ಟಿ ನೆಲ ಬಂದಲ್ಲಿ ಕೈಹಿಡಿಯನ್ನು ಕಚ್ಚಿಗೆ ತಂದಳು. ಚಕ್ರ ನಿಂತಿತು, ಅಲಗು ತಿರುಗಿತು. ಬಾವ ಕಣ್ಣೊರೆಸಿಕೊಂಡರು. ಮಳೆನೀರು ಎಂದು ನಾವು ಒಪ್ಪಿದೆವು.

ಮೂಲೆ ಬಂತು. ಮೂಲೆಯಲ್ಲಿ ತಿರುಗುವ ಮೊದಲು ರೋಟವೇಟರನ್ನು ಕೆಸರಿನಿಂದ ಮೇಲೆತ್ತಬೇಕು, ಇಲ್ಲವಾದರೆ ಅದು ಹುಣಿಯನ್ನೇ ಕಡೆದುಹಾಕುತ್ತದೆ. ಎತ್ತುವ ಹೈಡ್ರಾಲಿಕ್ ಕಡ್ಡಿ ಸೀಟಿನ ಬಲಕ್ಕೆ ಇದೆ. ತಿರುಗಲು ನಿಧಾನಿಸುವಾಗ ಅಕ್ಕನ ಎಡಗೈ ಕ್ಲಚ್ಚಿನಲ್ಲಿ, ಬಲಗೈ ಸ್ಟೇರಿಂಗಿನಲ್ಲಿ. ಎತ್ತಲು ಕೈಯಿಲ್ಲ. ಟ್ರ್ಯಾಕ್ಟರ್ ನಿಲ್ಲಿಸಿ, ಸ್ಟೇರಿಂಗ್ ಬಿಟ್ಟು, ಎತ್ತಿ, ಮತ್ತೆ ಸ್ಟೇರಿಂಗ್ ಹಿಡಿಯುವಷ್ಟರಲ್ಲಿ ಮುಂದಿನ ಚಕ್ರ ಕೆಸರಿನಲ್ಲಿ ಬೇರೆ ಕಡೆಗೆ ತಿರುಗಿರುತ್ತಿತ್ತು. ಮತ್ತೊಂದು ಮೂಲೆಯಲ್ಲಿಯೂ ಹಾಗೆಯೇ ಆಯಿತು. ಅಕ್ಕ ಇಂಜಿನ್ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟಳು. ಹರೀಶ ಹಣೆ ಉಜ್ಜುತ್ತ, "ಇನ್ನೊಂದು ಪೈಪ್ ಎಬ್ಬಿಸುವಾ ಅಕ್ಕ?" ಎಂದ.

ಅಕ್ಕ ತಲೆಯೆತ್ತಿ ಹುಣಿಯತ್ತ ನೋಡಿದಳು. ಬಾವನನ್ನು ನೋಡಿದಳು, ಹರೀಶನನ್ನು ನೋಡಿದಳು, ನಡೆಯುತ್ತಿದ್ದ ನನ್ನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ನೀನು ಬಾ" ಎಂದಳು. "ಮಡ್‌ಗಾರ್ಡಿನ ಮೇಲೆ ಕೂತ್ಕೋ, ಆಚೆ ಕೈಯಲ್ಲಿ ಗಟ್ಟಿ ಹಿಡ್ಕೋ. ಎತ್ತು ಅಂದ್ರೆ ಎತ್ತು, ಬಿಡು ಅಂದ್ರೆ ಬಿಡು. ನಡುವಲ್ಲಿ ನಿನ್ನ ಬುದ್ಧಿ ಖರ್ಚು ಮಾಡ್ಬೇಡ."

ಕೆಸರಿನಲ್ಲಿ ಬಿದ್ದೆದ್ದು ಓಡಿ ಹತ್ತಿದೆ. ಬಲಗಡೆಯ ಮಡ್‌ಗಾರ್ಡಿನ ಮೇಲೆ ಕುಳಿತು ಕಡ್ಡಿಗೆ ಕೈ ಕೊಟ್ಟೆ. ಇಂಜಿನ್ ಶುರುವಾಯಿತು. ಮೂರು ಸಿಲಿಂಡರಿನ ನಡುಕ ತಗಡಿನಿಂದ ತೊಡೆಗೆ, ತೊಡೆಯಿಂದ ಹಲ್ಲಿಗೆ ಹತ್ತಿತು. ಅಷ್ಟೊಂದು ನಡುಗುವ ವಸ್ತುವಿನ ಮೇಲೆ ಕುಳಿತರೆ ನಾನು ಅಲ್ಲಾಡುವುದು ಯಾರಿಗೂ ಕಾಣುವುದಿಲ್ಲ, ನನಗೂ ತಿಳಿಯುವುದಿಲ್ಲ. ಮೂಲೆ ಬಂದಾಗ "ಎತ್ತು" ಎಂದಳು, ಎತ್ತಿದೆ. ತಿರುಗಿ "ಬಿಡು" ಎಂದಳು, ಬಿಟ್ಟೆ. ಹುಣಿ ಮುರಿಯಲಿಲ್ಲ. ಗದ್ದೆ ಸುತ್ತು ಸುತ್ತಾಗಿ ಕೆಸರಾಗುತ್ತ ಬಂತು.

ತಗಡಿನ ಆ ಸೀಟು ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಅದರ ಮೇಲೆ ಅಕ್ಕ, ಮೈಯೆಲ್ಲ ಕೆಸರು, ನೆರೆತ ಕೂದಲಿನಿಂದ ನೀರು ಇಳಿಯುತ್ತಿತ್ತು. "ಸಾಕು, ಇನ್ನು ನೀನು ಕುಳಿತುಕೋ" ಎಂದು ಅವಳು ಒಂದು ದಿನ ಹೇಳುತ್ತಾಳೆಂದು ಹುಡುಗನಾಗಿದ್ದಾಗಿನಿಂದ ಕಾದಿದ್ದೆ. ಈಗ, ಈ ಮೂಲೆಯಲ್ಲಿ, ಅವಳು ನಿಜವಾಗಿಯೂ ಹಾಗೆಂದುಬಿಟ್ಟರೆ ಎಂದು ಯೋಚಿಸಿದ್ದೇ ನಾನು ಮಡ್‌ಗಾರ್ಡನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಇಳಿಯದೆ ಅದು ನನಗೆ ಸಿಗುವುದಿಲ್ಲ. ಇಳಿಯುವುದು ಬೇಡ. ನನಗೆ ಸಿಗದೇ ಇರಲಿ.

"ಎಂತ ಮಾರಾಯ, ನಿದ್ರೆಯಾ? ಎತ್ತು!"

ಎತ್ತಿದೆ.